ಸೊಟ್ಟಗೆ ಅಂಟಿದ್ದನ್ನು ಬಿಚ್ಚಿಬಿಡು, ತಮ್ಮಾ

ತಮ್ಮಾ, ಸಾಗವಾನಿ ಸ್ಟೂಲಿನ ಒಂದು ಕಾಲು ಹೊರಗೆ ವಾಲಿದೆ, ಅಂಟೂ ಒಣಗಿಬಿಟ್ಟಿದೆ. ಉದ್ದನೆಯ ಸ್ಕ್ರೂ ಹಾಕಿ ಎಳೆದು ಬಿಗಿಯೋಣ ಎಂದು ಮನಸ್ಸು ಹೇಳುತ್ತಿರಬೇಕು. ಹಾಗೆ ಮಾಡಬೇಡ. ಬಲವಂತಕ್ಕೆ ನೇರವಾದ ಕಾಲು ಒಳಗೊಳಗೇ ಎಳೆಯುತ್ತಲೇ ಇರುತ್ತದೆ. ನಮ್ಮ ಚಿಂಚೋಳಿ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಕಟ್ಟಿಗೆ ಕುಗ್ಗುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಆ ಎಳೆತದಲ್ಲಿ ಒಂದು ದಿನ ಅಂಟು ಬಿಡುತ್ತದೆ, ಇಲ್ಲವೇ ತೂತಿನ ಬದಿ ಸೀಳುತ್ತದೆ.

ಸ್ಟೂಲನ್ನು ಒಲೆಗೆ ಹಾಕಿ ಹೊಸದು ಮಾಡುತ್ತೇನೆ ಎಂದೂ ಹೊರಡಬೇಡ. ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಕಾಡು 2011ರಿಂದ ಚಿಂಚೋಳಿ ವನ್ಯಜೀವಿಧಾಮ. ಅಲ್ಲಿಯ ಮರಕ್ಕೆ ಕೈ ಹಚ್ಚುವಂತಿಲ್ಲ, ಹಚ್ಚಲೂಬಾರದು. ಸಾಗವಾನಿ ಬೇಕೆಂದರೆ ದುಡ್ಡು ಕೊಟ್ಟು ತರಬೇಕು, ಇಲ್ಲವೇ ಕೆಡವಿದ ಹಳೆ ಮನೆಯ ತೊಲೆ, ಚೌಕಟ್ಟು ಹುಡುಕಬೇಕು. ಅಷ್ಟು ಕಷ್ಟದ ಕಟ್ಟಿಗೆ ಒಂದು ತಪ್ಪಿಗೆ ಬೂದಿಯಾಗಬಾರದು.

ಬಿಚ್ಚುವುದೇ ದಾರಿ. ಮೊದಲು ಯಾವ ಅಂಟು ಎಂದು ತಿಳಿದುಕೋ. ಕಾಣದ ಮೂಲೆಯಲ್ಲಿ ಹೊರಗೆ ಹಿಂಡಿ ಬಂದ ಅಂಟಿನ ಮೇಲೆ ಬಿಸಿನೀರು ಹನಿಸು. ಬೆಳ್ಳಗಾಗಿ ಮೆತ್ತಗಾದರೆ ಫೆವಿಕಾಲ್ ಜಾತಿಯ ಬಿಳಿ ಅಂಟು. ಹಳೆಯ ಮಂಚ, ಕುರ್ಚಿಗಳಲ್ಲಿ ಚರ್ಮ, ಮೂಳೆ ಕುದಿಸಿ ಮಾಡಿದ ಸರೇಸು ಇದ್ದೀತು. ಅದಂತೂ ಬಿಸಿನೀರಿಗೆ ಕರಗಿಯೇಬಿಡುತ್ತದೆ. ನೀರು ತಡೆಯುವ ಮರೀನ್ ಅಂಟಾದರೆ ನೀರಿಗೆ ಜಗ್ಗದು, ಶಾಖವೇ ಬೇಕು.

ಬಿಳಿ ಅಂಟು 60–70 ಡಿಗ್ರಿ ಶಾಖಕ್ಕೆ ಸಡಿಲವಾಗತೊಡಗುತ್ತದೆ. ಆದರೆ ಬಿಸಿ ಮೇಲ್ಮೈಯಿಂದ ತೂತಿನ ಆಳಕ್ಕೆ ಇಳಿಯಲು ಸಮಯ ಬೇಕು. ಇಲ್ಲೇ ಹುಡುಗರು ತಾಳ್ಮೆ ಕಳೆದುಕೊಳ್ಳುವುದು. ಒಳಗೆ ಮೊಳೆ ಇದ್ದರೆ ಮೊದಲು ತೆಗೆ. ಜೋಡಣೆಗೆ ಒದ್ದೆ ಬಟ್ಟೆ ಸುತ್ತಿ, ಮೇಲೆ ಇಸ್ತ್ರಿಪೆಟ್ಟಿಗೆ ಇಡು, ಎತ್ತು, ಮತ್ತೆ ಇಡು. ಸಂದಿಯಲ್ಲಿ ಸಿರಿಂಜಿನಿಂದ ಬಿಸಿ ವಿನೆಗರ್ ಬಿಡು. ಆಮೇಲೆ ಕಾಲನ್ನು ಅತ್ತಿತ್ತ ಸ್ವಲ್ಪ ಸ್ವಲ್ಪವೇ ಅಲುಗಾಡಿಸು. ಕೊಡತಿ ಬೇಕಾದರೆ ಮಧ್ಯೆ ಒಂದು ಕಟ್ಟಿಗೆ ತುಂಡು ಇಟ್ಟು ಹಗುರವಾಗಿ ತಟ್ಟು. ಹೊಡೆಯಬೇಡ. ಬರಲಿಲ್ಲವೆಂದರೆ ಇನ್ನೊಮ್ಮೆ ಬಿಸಿ ಕೊಡು. ಏನು ಮಾಡಿದರೂ ಬರದಿದ್ದರೆ ಮಾತ್ರ ಜೋಡಣೆಯನ್ನು ತೆಳು ಗರಗಸದಿಂದ ಕೊಯ್ದು, ಎರಡೂ ಕಡೆ ಹೊಸ ತೂತು ಮಾಡಿ, ಬೇರೆ ಕಟ್ಟಿಗೆ ತುಂಡನ್ನು ನಡುವೆ ಕೂಡಿಸು.

ಬಿಚ್ಚಿದ ಮೇಲಿನ ಕೆಲಸವೇ ದೊಡ್ಡದು. ಒಣಗಿದ ಬಿಳಿ ಅಂಟಿನ ಮೇಲೆ ಹೊಸ ಅಂಟು ನಿಲ್ಲದು, ಅದು ಕಟ್ಟಿಗೆಯ ನಾರಿಗೇ ಇಳಿಯಬೇಕು. ಆದ್ದರಿಂದ ಬಿಸಿನೀರಲ್ಲಿ ನೆನೆಸಿದ ಬಟ್ಟೆಯಿಂದ ಮೆತ್ತಗೆ ಮಾಡಿ, ಉಳಿಯ ಬಾಯಿಂದ ಕೆರೆದು ತೆಗೆ. ಕಟ್ಟಿಗೆ ಮಾತ್ರ ಸವೆಸಬೇಡ. ನೆರಳಲ್ಲಿ ಪೂರ್ತಿ ಒಣಗಲಿ, ಬಿಸಿಲಿಗೆ ಇಟ್ಟರೆ ಸೀಳೀತು. ತೂತಿನಲ್ಲಿ ತುದಿ ಸಡಿಲವಾಗಿದ್ದರೆ ಅದೇ ಜಾತಿಯ ತೆಳು ಸಿಬಿರನ್ನು ನಾರು ಒಂದೇ ದಿಕ್ಕಿಗೆ ಬರುವಂತೆ ಅಂಟಿಸಿ ದಪ್ಪ ಮಾಡು. ಸಂದಿಗೆ ಗರಗಸದ ಪುಡಿ, ಅಂಟು ತುರುಕುವುದು ಕಣ್ಣಿಗೆ ಮಾತ್ರ, ಭಾರ ತಡೆಯುವುದಕ್ಕಲ್ಲ.

ಅಂಟು ಹಚ್ಚುವ ಮೊದಲು ಒಣವಾಗಿಯೇ ಜೋಡಿಸಿ, ಕ್ಲಾಂಪ್ ಬಿಗಿದು ನೋಡು. ನಯವಾಗಿ ಪಾಲಿಶ್ ಮಾಡಿದ ಶಹಾಬಾದ್ ಹಾಸುಗಲ್ಲಿನ ಮೇಲೆ ಸ್ಟೂಲು ನಿಲ್ಲಿಸು. ಅಲುಗಿದರೆ ಯಾವ ಕಾಲು ಎಂದು ಅಲ್ಲೇ ತಿಳಿಯುತ್ತದೆ. ಮೂಲೆಯಿಂದ ಮೂಲೆಗೆ ಅಡ್ಡ ಅಳೆದರೆ ಎರಡೂ ಅಳತೆ ಒಂದೇ ಇರಬೇಕು. ಹೆಚ್ಚು ಇರುವ ಕಡೆಗೆ ಕ್ಲಾಂಪನ್ನು ಸ್ವಲ್ಪ ಓರೆ ಹಾಕಿ ಬಿಗಿದರೆ ಸರಿಹೋಗುತ್ತದೆ. ಮೊದಲ ಸಲ ತಪ್ಪಿದ್ದೂ ಬಹುಶಃ ಇಲ್ಲೇ: ಕ್ಲಾಂಪ್ ಬಿಗಿದ ಮೇಲೆ ಯಾರೂ ಮತ್ತೆ ಅಳೆಯುವುದಿಲ್ಲ.

ಸಾಗವಾನಿಯಲ್ಲಿ ಎಣ್ಣೆ ಇರುವುದರಿಂದ ಅಂಟು ಹಚ್ಚುವ ಸ್ವಲ್ಪ ಮೊದಲು ತಿನ್ನರ್ ಹಾಕಿದ ಬಟ್ಟೆಯಿಂದ ಒರೆಸಿ ಆರಲು ಬಿಡು. ಬೇಸಿಗೆಯಲ್ಲಿ ಈ ಕೆಲಸವನ್ನು ನಸುಕಿನಲ್ಲಿ ಮಾಡು. ಮಧ್ಯಾಹ್ನದ ಸೆಕೆಗೆ ಬಿಳಿ ಅಂಟು ಕೈಯಲ್ಲಿರುವಾಗಲೇ ಕೆನೆಗಟ್ಟುತ್ತದೆ, ಸರಿಪಡಿಸುವ ಹೊತ್ತೇ ಸಿಗುವುದಿಲ್ಲ. ಬಿಗಿದ ಕ್ಲಾಂಪನ್ನು ಮರುದಿನದವರೆಗೆ ಮುಟ್ಟಬೇಡ. ಪಾಲಿಶ್‌ಗೆ ಮುಂಚೆ ಜೋಡಣೆಯ ಸುತ್ತ ಒದ್ದೆ ಬಟ್ಟೆ ಆಡಿಸಿ ನೋಡು. ಅಂಟು ಅಂಟಿಕೊಂಡ ಜಾಗ ತಿಳಿಬಣ್ಣದಲ್ಲಿ ಕಾಣಿಸುತ್ತದೆ. ಅಲ್ಲಿ ಪಾಲಿಶ್ ಹಿಡಿಯದು, ಮೊದಲು ಕೆರೆದುಬಿಡು.