ಚಳಿಗೊಂದು ಗುಟುಕು, ಹೃದಯಕ್ಕೊಂದು ಪೆಟ್ಟು



ಮಳೆಗಾಲದಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವಾಗ ಮಂಡಗದ್ದೆಯಲ್ಲಿ ತುಂಗಾ ನದಿ ತುಂಬಿ ಹರಿಯುವುದನ್ನು ನೀವು ಕಂಡಿರಬಹುದು. ನದಿಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಆ ಮಳೆಯಲ್ಲೇ ಗೂಡು ಕಟ್ಟಿ ಮರಿ ಸಾಕುತ್ತವೆ. ಸುತ್ತಲಿನ ಊರುಗಳಲ್ಲಿ ಗದ್ದೆ ನಾಟಿ ಮಾಡುವವರು, ಅಡಿಕೆ ಕೊನೆಗೆ ಔಷಧಿ ಹೊಡೆಯುವವರು ದಿನವಿಡೀ ನೆನೆಯುತ್ತಾರೆ. ಸಂಜೆಯಾದರೆ ಕೆಲವರ ಬಾಯಲ್ಲಿ ಒಂದೇ ಮಾತು: "ಈ ಚಳಿಗೆ ಸ್ವಲ್ಪ ಹಾಕದಿದ್ದರೆ ನಾಳೆ ಮೈ ಏಳುವುದಿಲ್ಲ." ನಮ್ಮ ಮಕ್ಕಳೂ ಇದನ್ನು ಕೇಳುತ್ತಲೇ ಬೆಳೆಯುತ್ತಿದ್ದಾರೆ.

ಈ ನೆಪ ಹೊಸದೇನಲ್ಲ. ದೈಲಮ್ ಹಿಮ್ಯರಿ(ರ) ಎಂಬ ಸಹಾಬಿ ಪ್ರವಾದಿ(ಸ)ರ ಬಳಿ ಇದನ್ನೇ ಕೇಳಿದ್ದರು. ತಮ್ಮದು ಚಳಿಯ ನಾಡು, ಕೆಲಸ ಕಠಿಣ, ಶಕ್ತಿಗಾಗಿ ಗೋಧಿಯಿಂದ ಒಂದು ಪಾನೀಯ ಮಾಡಿಕೊಳ್ಳುತ್ತೇವೆ ಎಂದರು. ಅದು ಅಮಲೇರಿಸುತ್ತದೆಯೇ ಎಂದು ಪ್ರವಾದಿ(ಸ)ರು ವಿಚಾರಿಸಿದರು. ಹೌದೆಂದಾಗ ಅದರಿಂದ ದೂರವಿರಲು ಆದೇಶಿಸಿದರು. ಅಬೂದಾವೂದ್‌ನಲ್ಲಿ ಈ ಹದೀಸ್ ಇದೆ.

ಮದ್ಯ ನಿಜವಾಗಿಯೂ ಮೈ ಬಿಸಿ ಮಾಡುತ್ತದೆಯೇ? ಇಲ್ಲ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬಿಸಿರಕ್ತ ಚರ್ಮಕ್ಕೆ ಬಂದಾಗ ಬೆಚ್ಚಗಾದಂತೆ ತೋರುತ್ತದೆ. ಆದರೆ ಆ ಶಾಖ ಹೊರಗೆ ಸೋರಿಹೋಗಿ ದೇಹದ ಒಳಭಾಗ ತಣ್ಣಗಾಗುತ್ತದೆ. ಹೃದಯವೋ ಇನ್ನಷ್ಟು ವೇಗವಾಗಿ ಬಡಿಯಬೇಕಾಗುತ್ತದೆ.

ಮುಷ್ಟಿಯಷ್ಟೇ ಇರುವ ಹೃದಯ ದಿನಕ್ಕೆ ಸುಮಾರು 1 ಲಕ್ಷ ಬಾರಿ ಬಡಿಯುತ್ತದೆ, ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹರಿಸುತ್ತದೆ. ಮದ್ಯ ಅದಕ್ಕೆ ಮೂರು ಬಗೆಯಲ್ಲಿ ಕೆಡುಕು ಮಾಡುತ್ತದೆ. ಮೊದಲನೆಯದು, ರಕ್ತದೊತ್ತಡ ಏರುತ್ತದೆ. ಎರಡನೆಯದು, ಬಡಿತದ ತಾಳ ತಪ್ಪುತ್ತದೆ. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಸಂಕುಚಿಸದೆ ಬರೀ ಅದುರತೊಡಗುತ್ತವೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು! ಹಬ್ಬ, ರಜೆಗಳಲ್ಲಿ ವಿಪರೀತ ಕುಡಿದವರಲ್ಲಿ ಇದನ್ನು ಕಂಡ ಅಮೆರಿಕದ ವೈದ್ಯರು 1978ರಲ್ಲಿ ಇದಕ್ಕೆ 'ರಜಾದಿನದ ಹೃದಯ' ಎಂದೇ ಹೆಸರಿಟ್ಟರು. ಮೂರನೆಯದು, ವರ್ಷಗಟ್ಟಲೆ ಕುಡಿದವರ ಹೃದಯದ ಸ್ನಾಯು ಸಡಿಲವಾಗಿ ಹಿಗ್ಗುತ್ತದೆ. ಆಗ ಕಾಲು ಊದಿಕೊಳ್ಳುತ್ತದೆ, ನಾಲ್ಕು ಹೆಜ್ಜೆಗೇ ಏದುಸಿರು ಬರುತ್ತದೆ.

'ಮಿತವಾಗಿ ಕುಡಿದರೆ ಹೃದಯಕ್ಕೆ ಒಳ್ಳೆಯದು' ಎಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಆದರೆ ಹಳೆಯ ಅನೇಕ ಅಧ್ಯಯನಗಳು ಕಾಯಿಲೆಯಿಂದಾಗಿ ಕುಡಿತ ಬಿಟ್ಟವರನ್ನೂ 'ಕುಡಿಯದವರ' ಸಾಲಿಗೆ ಸೇರಿಸಿದ್ದವು. ಹೀಗಾಗಿ ಕುಡಿಯುವವರೇ ಆರೋಗ್ಯವಂತರಂತೆ ಕಂಡರು. ಯಾವ ಪ್ರಮಾಣವೂ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿತು. ಮದ್ಯದಲ್ಲಿ ಲಾಭಕ್ಕಿಂತ ಕೆಡುಕೇ ದೊಡ್ಡದೆಂದು ಪವಿತ್ರ ಕುರ್‌ಆನ್ (2:219) ಎಂದೋ ಎಚ್ಚರಿಸಿದೆ.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಬಾಟಲಿಯ ಮದ್ಯ ಉಳಿಯಿತು. ಹೆಸರು ಬೇರೆಯಾದರೂ ಒಳಗಿನ ವಿಷ ಒಂದೇ.

ಆದರೂ ನಿರಾಶರಾಗಬೇಡಿ. ತಾಳ ತಪ್ಪಿದ ಹೃದಯದ 140 ಮಂದಿಯ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಕುಡಿತ ಮುಂದುವರಿಸಿದವರಲ್ಲಿ ಶೇ. 73 ಮಂದಿಗೆ ತೊಂದರೆ ಮರುಕಳಿಸಿದರೆ, ಬಿಡಲು ಒಪ್ಪಿದವರಲ್ಲಿ ಅದು ಶೇ. 53 ಮಾತ್ರ. ಸಡಿಲವಾದ ಸ್ನಾಯುವೂ ಅನೇಕರಲ್ಲಿ ಕೆಲವು ತಿಂಗಳಲ್ಲಿ ಚೇತರಿಸಿಕೊಳ್ಳುತ್ತದೆ.

ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಇಂಥವರಿದ್ದರೆ ಹೀಯಾಳಿಸಬೇಡಿ. ಬಚ್ಚಿಡಲೂ ಬೇಡಿ. ನಿತ್ಯ ವಿಪರೀತ ಕುಡಿಯುವವರು ಒಮ್ಮೆಲೇ ಬಿಟ್ಟರೆ ನಡುಕ, ಸೆಳವು ಬರಬಹುದು. ಆದ್ದರಿಂದ ವೈದ್ಯರ ಬಳಿ ನೀವೇ ಕರೆದೊಯ್ಯಿರಿ. ನೆನೆದು ಬಂದವನಿಗೆ ಒಣಬಟ್ಟೆ, ಬಿಸಿ ಗಂಜಿ, ಶುಂಠಿ ಕಷಾಯ ಕೊಡಿ. ಚಳಿಗೆ ಅದೇ ಮದ್ದು.

ಹೃದಯ ನಮ್ಮ ಸೊತ್ತಲ್ಲ, ಅಲ್ಲಾಹನು ಒಪ್ಪಿಸಿದ ಅಮಾನತ್ತು. ಅದನ್ನು ಕೆಡಿಸದೆ ಅವನಿಗೆ ಮರಳಿಸುವ ಭಾಗ್ಯವನ್ನು ಅವನು ನಮಗೆಲ್ಲ ಕರುಣಿಸಲಿ. ಆಮೀನ್.