ಊರಿಗೆಲ್ಲ ಹೇಳಿಕೊಡುವವನು ಯಾರನ್ನು ಕೇಳಬೇಕು?

ಪ್ರಶ್ನೆ: ನಾನು ಐಟಿಐ ಎಲೆಕ್ಟ್ರಿಷಿಯನ್, ವಯಸ್ಸು 38. ಸಿರುಗುಪ್ಪ ಸುತ್ತಿನ ರೈಸ್‌ಮಿಲ್ ಮೋಟರು, ಹೊಳೆ ದಂಡೆಯ ಪಂಪ್‌ಸೆಟ್ಟು ಕೆಟ್ಟರೆ ನನ್ನನ್ನೇ ಕರೆಯುತ್ತಾರೆ. ಗೆಳೆಯರು ಸೇರಿ ಇಬ್ಬರು ಕೂರುವ ಸಣ್ಣ ವಿಮಾನ ಕಟ್ಟುತ್ತಿದ್ದೇವೆ. ಚೌಕಟ್ಟು ಮುಗಿದಿದೆ, ವೈರಿಂಗ್ ನನ್ನ ಪಾಲಿಗೆ ಬಂದಿದೆ. ನಕ್ಷೆ ಬಿಡಿಸಿ ಕೂತರೆ ಕೈ ನಡುಗುತ್ತದೆ. ಏನಾದರೂ ನೆಪ ಹೇಳಿ ಮುಂದೂಡುತ್ತಿದ್ದೇನೆ. ‘ಕರೆಂಟಿನ ಕೆಲಸ ನಿನಗೇನು ಹೊಸದಾ?’ ಎನ್ನುತ್ತಾರೆ ಗೆಳೆಯರು. ಬೇರೆಯವರನ್ನು ಕೇಳಲು ನಾಚಿಕೆ. ನಿದ್ದೆಯೂ ಸರಿಯಾಗಿ ಬರುತ್ತಿಲ್ಲ.
– ಓದುಗ, ಕೆಂಚನಗುಡ್ಡ

ಉತ್ತರ: ನಡುಗುವ ಕೈಯನ್ನು ಬೈದುಕೊಳ್ಳಬೇಡಿ. ಇಷ್ಟು ವರ್ಷ ಕರೆಂಟಿನ ಜೊತೆ ಪಳಗಿದವರಿಗೆ ಅಪಾಯದ ಸುಳಿವು ಬೇಗ ಸಿಗುತ್ತದೆ. ಪಂಪ್‌ಸೆಟ್ಟು ಕೈಕೊಟ್ಟರೆ ಭತ್ತಕ್ಕೆ ಒಂದು ದಿನ ನೀರಿಲ್ಲ, ಅಷ್ಟೆ. ಆಕಾಶದಲ್ಲಿ ಬದಿಗೆ ನಿಲ್ಲಿಸಿ ಮುಚ್ಚಳ ಬಿಚ್ಚಿ ನೋಡುವಂತಿಲ್ಲ. ಭಯವೇ ಇಲ್ಲವೆಂದು ಬರೆದಿದ್ದರೆ ನನಗೆ ಹೆಚ್ಚು ಚಿಂತೆಯಾಗುತ್ತಿತ್ತು.

ಆದರೂ ನಿಮ್ಮ ಪತ್ರವನ್ನು ಮತ್ತೆ ಓದಿದಾಗ, ಭಯಕ್ಕಿಂತ ನಾಚಿಕೆಯೇ ನಿಮ್ಮನ್ನು ಹೆಚ್ಚು ಕಾಡುತ್ತಿದೆ ಅನ್ನಿಸಿತು. ಊರಿಗೆಲ್ಲ ಹೇಳಿಕೊಡುವವರಿಗೆ ‘ನನಗಿದು ಗೊತ್ತಿಲ್ಲ’ ಎನ್ನಲು ಬಾಯಿ ಬರುವುದಿಲ್ಲ. ಕಂಪ್ಯೂಟರ್ ಬಂದ ಕಾಲದ ಹಿರಿಯ ಗುಮಾಸ್ತರು, ಮೊಮ್ಮಗನ ಹತ್ತಿರ ಮೊಬೈಲ್ ಕಲಿಯಬೇಕಾದ ನಿವೃತ್ತ ಮೇಷ್ಟ್ರು, ಎಲ್ಲರೂ ಪಡುವ ಸಂಕಟ ಇದೇ. ಆದರೆ ದೊಡ್ಡವರೂ ಬೇರೆಯವರಿಂದ ಕಲಿಯುತ್ತಾರೆ. ಬೆಂಗಳೂರಿನ ವೈಮಾನಿಕ ಸಂಶೋಧನಾ ಪ್ರಯೋಗಾಲಯ ಎನ್‌ಎಎಲ್ 1987ರಲ್ಲಿ ಒಂದು ಪುಟ್ಟ ವಿಮಾನ ಹಾರಿಸಿತು. ಅಮೆರಿಕದ ಬರ್ಟ್ ರುಟಾನ್, ಮನೆಯಲ್ಲೇ ವಿಮಾನ ಕಟ್ಟಿಕೊಳ್ಳುವವರಿಗೆಂದು ರೂಪಿಸಿದ ‘ಲಾಂಗ್-ಈಝಿ’ಯ ವಿನ್ಯಾಸ ಅದಕ್ಕೆ ಆಧಾರ. ದೊಡ್ಡ ಪ್ರಯೋಗಾಲಯದ ವಿಜ್ಞಾನಿಗಳೇ ಹವ್ಯಾಸಿಗಳ ನಕ್ಷೆ ಮುಂದಿಟ್ಟುಕೊಂಡು ಕೆಲಸ ಮಾಡಿದ್ದಾರೆ. ನೀವು ಒಬ್ಬರನ್ನು ಕೇಳಿದರೆ ಮರ್ಯಾದೆ ಹೋಗದು.

ಕೇಳಲೇಬೇಕಾದ ಕಾರಣವೂ ಇದೆ. ವಿಮಾನದಲ್ಲಿ ಹರಿಯುವುದೂ ನಿಮಗೆ ಗೊತ್ತಿರುವ ಕರೆಂಟೇ, ಆದರೆ ನಿಮ್ಮ ಕೈಗೆ ಹತ್ತಿದ ಕೆಲವು ರೂಢಿಗಳು ಇಲ್ಲಿ ಅಡ್ಡ ಬರುತ್ತವೆ. ನಿಮ್ಮ ಜೇಬಿನಲ್ಲಿರುವ ನಿಯಾನ್ ಟೆಸ್ಟರ್ ಸಣ್ಣ ವಿಮಾನದ ಬ್ಯಾಟರಿಯ 12 ವೋಲ್ಟಿಗೆ ಹೊತ್ತುವುದೇ ಇಲ್ಲ, ಮಲ್ಟಿಮೀಟರ್ ಬೇಕು. 120 ವಾಟ್‌ನ ದೀಪ 230 ವೋಲ್ಟಿನಲ್ಲಿ ಸುಮಾರು ಅರ್ಧ ಆಂಪಿಯರ್ ಎಳೆದರೆ, 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತದೆ. ಹಾಗಾಗಿ ವೈರಿನ ತುದಿಯಲ್ಲಿ ಒಂದು ಸಡಿಲ ಲಗ್ಗು ಸಾಕು, ಬಿಸಿಯಾಗಲು. ಎಳೆ ತಿರುಚಿ ಟೇಪು ಸುತ್ತುವ ಜಾಯಿಂಟಿಗೆ ಇಲ್ಲಿ ಜಾಗವಿಲ್ಲ. ಬೆಸುಗೆಯನ್ನೂ ನೆಚ್ಚಬೇಡಿ: ಬೆಸುಗೆ ಹೀರಿಕೊಂಡ ಎಳೆಗಳು ಗಡುಸಾಗಿ, ಇಂಜಿನ್ನಿನ ನಡುಕಕ್ಕೆ ಬೆಸುಗೆಯ ಪಕ್ಕದಲ್ಲೇ ಮುರಿಯುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಮ್ಯಾಗ್ನೆಟೊ, ಅಂದರೆ ಬ್ಯಾಟರಿಯ ಹಂಗಿಲ್ಲದೆ ಇಂಜಿನ್ನಿಗೆ ಕಿಡಿ ಕೊಡುವ ಸಾಧನ. ಮನೆಯಲ್ಲಿ ವೈರು ತುಂಡಾದರೆ ದೀಪ ಆರುತ್ತದೆ. ಮ್ಯಾಗ್ನೆಟೊ ಇರುವ ಇಂಜಿನ್ನಿನಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಸ್ವಿಚ್ ಆಫ್ ಮಾಡುವುದೆಂದರೆ ಮ್ಯಾಗ್ನೆಟೊವನ್ನು ಇಂಜಿನ್ನಿನ ಮೈಗೆ ಅರ್ಥ್ ಮಾಡುವುದು. ಆ ಸಣ್ಣ ವೈರು ಕಿತ್ತುಹೋಗಿದ್ದರೆ, ಕೀಲಿ ನಿಮ್ಮ ಜೇಬಿನಲ್ಲಿದ್ದರೂ ಕಿಡಿ ಹಾರಬಹುದು. ಪ್ರೊಪೆಲರನ್ನು ಸುಮ್ಮನೆ ಕೈಯಲ್ಲಿ ತಿರುಗಿಸಿದವರ ಕೈಯೇ ಹೋದೀತು. ವಿಮಾನ ಕಟ್ಟುವ ಶೆಡ್ಡಿಗೆ ಬಂದು ಹೋಗುವ ಮಕ್ಕಳಿಗೂ ಇದನ್ನು ಇವತ್ತೇ ಹೇಳಿ.

ಸ್ವಲ್ಪ ದಿನ ವಿಮಾನವನ್ನು ಮುಟ್ಟಬೇಡಿ. ಒಂದು ಹಲಗೆಯ ಮೇಲೆ ಬ್ಯಾಟರಿ, ಫ್ಯೂಸು, ಸ್ವಿಚ್ಚು, ದೀಪ ಇಟ್ಟು ಒಂದೊಂದೇ ಸರ್ಕ್ಯೂಟ್ ಕಟ್ಟಿ ಬಿಚ್ಚಿ. ತವರ ಲೇಪದ ತಾಮ್ರದ ಬಹುಎಳೆ ವೈರು, ಅದಕ್ಕೆ ಲಗ್ಗು ಒತ್ತಿ ಕೂರಿಸುವ ಒಳ್ಳೆಯ ರ‍್ಯಾಚೆಟ್ ಕ್ರಿಂಪರ್ ತರಿಸಿಕೊಳ್ಳಿ. ಕ್ರಿಂಪ್ ಮಾಡಿದ ಲಗ್ಗನ್ನು ಜಗ್ಗಿ ನೋಡಿ, ಕೆಲವನ್ನು ಗರಗಸದಿಂದ ಅಡ್ಡ ಕೊಯ್ದು ನೋಡಿ. ಎಳೆಗಳು ಒಂದಕ್ಕೊಂದು ಒತ್ತಿ, ನಡುವೆ ಸಂದಿಲ್ಲದೆ ಕೂತಿರಬೇಕು. ಕೈ ನಡುಗಿದ ದಿನ ಅಲ್ಲಿಗೇ ನಿಲ್ಲಿಸಿ, ತಪ್ಪೇನಿಲ್ಲ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಪ್ರಕಟಿಸಿರುವ ಎಸಿ 43.13-1ಬಿ ಕೈಪಿಡಿ ಉಚಿತವಾಗಿ ಸಿಗುತ್ತದೆ, ಅದರ 11ನೇ ಅಧ್ಯಾಯ ಪೂರ್ತಿ ವಿಮಾನದ ವಿದ್ಯುತ್ ವ್ಯವಸ್ಥೆಯದೇ. ಇಂಗ್ಲಿಷ್ ತೊಡಕಾದರೆ ಕಾಲೇಜಿಗೆ ಹೋಗುವ ಹುಡುಗರನ್ನು ಜೊತೆಗೆ ಕೂರಿಸಿಕೊಳ್ಳಿ. ನಕ್ಷೆ ಓದಲು ಅವರಿಗೆ ನೀವು ಕಲಿಸಿ.

ಗೆಳೆಯರಿಗೂ ಈ ವಾರವೇ ಹೇಳಿಬಿಡಿ: ‘ಪಂಪ್‌ಸೆಟ್ಟು ಗೊತ್ತು, ಇದು ಗೊತ್ತಿಲ್ಲ. ಕಲಿಯೋಕೆ ಟೈಮ್ ಬೇಕು.’ ಅವರು ಗೇಲಿ ಮಾಡಿದರೆ ಮಾಡಲಿ, ಆ ವಿಮಾನದಲ್ಲಿ ಕೂರುವವರು ಅವರೇ ತಾನೆ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳಬೇಕು. ಲೈಸೆನ್ಸ್ ಇರುವ ವಿಮಾನ ನಿರ್ವಹಣಾ ಎಂಜಿನಿಯರ್ ಒಬ್ಬರು ನಿಮ್ಮ ವೈರಿಂಗನ್ನು ಕಣ್ಣಾರೆ ನೋಡುವವರೆಗೆ ಇಂಜಿನ್ ಚಾಲೂ ಮಾಡಬೇಡಿ. ನಾಗರಿಕ ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ಒಪ್ಪಿಗೆಯಿಲ್ಲದೆ ಹಾರಾಟದ ಮಾತೇ ಬೇಡ. ಮುಂಬಯಿಯಲ್ಲಿ ಮನೆಯ ಮಾಳಿಗೆ ಮೇಲೆ ವಿಮಾನ ಕಟ್ಟಿದ ಅಮೋಲ್ ಯಾದವ್ ಅವರೂ ನೋಂದಣಿಗಾಗಿ ವರ್ಷಗಟ್ಟಲೆ ಓಡಾಡಿದರು. ಅದು ಸಿಕ್ಕಿದ್ದು 2017ರಲ್ಲಿ. ಬೆಂಗಳೂರಿಗೆ ಹೋಗುವಾಗ ನಿಮ್ಮ ನಕ್ಷೆ, ಫೋಟೊಗಳನ್ನು ಜೊತೆಗೆ ಒಯ್ಯಿರಿ. ಅಲ್ಲಿನ ಜಕ್ಕೂರು ವಿಮಾನ ನಿಲ್ದಾಣದ ಕಡೆ ವಿಚಾರಿಸಿದರೆ ಇಂಥ ಎಂಜಿನಿಯರುಗಳ ಪರಿಚಯವಾಗಬಹುದು.

ನಿದ್ದೆಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ನಿದ್ದೆಗೆಟ್ಟ ಕೈಯಿಂದ ಮಿಲ್ಲಿನ ಕೆಲಸವೂ ಅಪಾಯ. ಇನ್ನೆರಡು ವಾರ ಹೀಗೇ ಇದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.