ಉಪವಾಸದಲ್ಲಿ ನೀರು ಮತ್ತು ದೇಹದ ತೂಕ

ವ್ರತವು ಆತ್ಮಶುದ್ಧಿಗಾಗಿ ವಿಹಿತವಾದುದು. ದೇಹವು ಆ ಶುದ್ಧಿಗೆ ಉಪಕರಣ. ಉಪಕರಣದ ಸ್ವಭಾವವನ್ನು ಅರಿಯದೆ ದುಡಿಸಿಕೊಳ್ಳುವವನು ಒಂದೋ ಉಪಕರಣವನ್ನು ಕೆಡಿಸುತ್ತಾನೆ, ಇಲ್ಲವೇ ಕೆಲಸವನ್ನು ಕೆಡಿಸುತ್ತಾನೆ. ಅಷ್ಟಮಿ-ಚತುರ್ದಶಿಗಳ ಪ್ರೋಷಧ, ಭಾದ್ರಪದದ ದಶಲಕ್ಷಣ ಪರ್ವ, ಮನೆಮನೆಯ ನೋಂಪಿಗಳು, ಶ್ವೇತಾಂಬರ ಬಂಧುಗಳ ಪರ್ಯುಷಣದ ಅಟ್ಠಾಯಿ ಇವುಗಳ ಸಂದರ್ಭದಲ್ಲಿ ಈಗೀಗ ಒಂದು ಹೊಸ ಪ್ರಶ್ನೆ ಕೇಳಿಬರುತ್ತಿದೆ: ಉಪವಾಸದಿಂದ ಎಷ್ಟು ತೂಕ ಇಳಿಯಿತು? ಹೆಚ್ಚು ನೀರು ಕುಡಿದರೆ ಕೊಬ್ಬು ಕರಗುತ್ತದೆಂದು ಕೆಲವರೂ, ನೀರನ್ನೂ ಬಿಟ್ಟರೆ ಇನ್ನೂ ಬೇಗ ಕರಗುತ್ತದೆಂದು ಕೆಲವರೂ ಹೇಳುವುದುಂಟು. ಈ ಎರಡು ಮಾತುಗಳಲ್ಲಿ ಸತ್ಯವೆಷ್ಟು, ಭ್ರಮೆಯೆಷ್ಟು ಎಂಬುದನ್ನು ಈ ಪಾಠದಲ್ಲಿ ಪರಿಶೀಲಿಸಲಾಗಿದೆ. ಸಲ್ಲೇಖನೆಯ ವಿಷಯ ಬೇರೆಯೇ ಆದುದು. ಅದು ಈ ಪಾಠದ ವ್ಯಾಪ್ತಿಗೆ ಸೇರಿದ್ದಲ್ಲ.

೧. ಶ್ರಾವಕಾಚಾರದಲ್ಲಿ ನೀರಿನ ಸ್ಥಾನ

ಆಹಾರವು ಖಾದ್ಯ, ಸ್ವಾದ್ಯ, ಲೇಹ್ಯ, ಪೇಯವೆಂದು ನಾಲ್ಕು ಬಗೆ. ಈ ನಾಲ್ಕನ್ನೂ ತ್ಯಜಿಸುವುದೇ ಉಪವಾಸವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿರೂಪಿಸಿದ್ದಾರೆ. ಪೇಯದಲ್ಲಿ ನೀರೂ ಅಡಕವಾದುದರಿಂದ ಪೂರ್ಣೋಪವಾಸವು ನಿರ್ಜಲವೇ ಸರಿ. ಆದರೆ ಎಲ್ಲರ ಶಕ್ತಿಯೂ ಒಂದೇ ಸಮನಾಗಿರುವುದಿಲ್ಲ. ಇದನ್ನರಿತೇ ವಸುನಂದಿ ಆಚಾರ್ಯರು ಪ್ರೋಷಧದಲ್ಲಿ ಉತ್ತಮ, ಮಧ್ಯಮ, ಜಘನ್ಯವೆಂಬ ಭೇದಗಳನ್ನು ಹೇಳಿ, ನೀರೊಂದನ್ನು ಉಳಿಸಿಕೊಂಡು ಮಿಕ್ಕೆಲ್ಲವನ್ನೂ ಬಿಡುವುದನ್ನು ಮಧ್ಯಮವೆಂದು ಅಂಗೀಕರಿಸಿದ್ದಾರೆ. ಶ್ವೇತಾಂಬರ ಸಂಪ್ರದಾಯದ ಚೌವಿಹಾರ ಮತ್ತು ತಿವಿಹಾರಗಳ ಭೇದವೂ ಇದೇ ಬಗೆಯದು. ಚೌವಿಹಾರದಲ್ಲಿ ನಾಲ್ಕೂ ವರ್ಜ್ಯ. ತಿವಿಹಾರದಲ್ಲಿ ಕಾಯಿಸಿದ ನೀರನ್ನು ಸೂರ್ಯಾಸ್ತದೊಳಗೆ ಸೇವಿಸಬಹುದು.

ನೀರು ಬರಿಯ ದ್ರವವಲ್ಲ, ಜಲಕಾಯ ಜೀವಗಳ ಆಶ್ರಯ ಎಂಬ ದೃಷ್ಟಿಯಿಂದ ಅದನ್ನು ಸೋಸಿ, ಪ್ರಾಸುಕಗೊಳಿಸಿ, ಮಿತವಾಗಿ ಬಳಸುವ ಶಿಸ್ತು ಬೆಳೆದುಬಂದಿದೆ. ಸೋಸಿದ ನೀರಿನ ಮರ್ಯಾದೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಚೆನ್ನಾಗಿ ಕುದಿಸಿದ ನೀರಿನದು ದಿಗಂಬರ ಪರಂಪರೆಯಲ್ಲಿ 24 ಗಂಟೆ. ದಿಗಂಬರ ಮುನಿಗಳಂತೂ ಅನ್ನವನ್ನೂ ನೀರನ್ನೂ ದಿನದಲ್ಲಿ ಒಂದೇ ಬಾರಿ, ನಿಂತು, ಕೈಯನ್ನೇ ಪಾತ್ರೆಯಾಗಿಸಿ ಸ್ವೀಕರಿಸುತ್ತಾರೆ. ಹೀಗೆ ನೀರಿನ ಪ್ರಮಾಣ ಮತ್ತು ಕಾಲಗಳ ವಿಚಾರವು ಜೈನರಿಗೆ ಹೊಸದಲ್ಲ. ಅದನ್ನು ತೂಕದೊಡನೆ ಜೋಡಿಸುವುದು ಮಾತ್ರ ಹೊಸದು.

೨. ದೇಹದಲ್ಲಿ ನೀರಿನ ಆಯವ್ಯಯ

ವಯಸ್ಕ ಪುರುಷನ ದೇಹದ ತೂಕದಲ್ಲಿ ಸುಮಾರು ನೂರಕ್ಕೆ 60 ಪಾಲು ನೀರು. ಸ್ತ್ರೀಯರಲ್ಲಿ ಸುಮಾರು 50ರಿಂದ 55 ಪಾಲು. ಸಾಧಾರಣ ದಿನದಲ್ಲಿ ಮೂತ್ರದ ಮೂಲಕ ಸುಮಾರು ಒಂದೂವರೆ ಲೀಟರ್ ನೀರು ಹೊರಹೋಗುತ್ತದೆ. ಬೆವರು ಕಾಣದಿದ್ದರೂ ಚರ್ಮ ಮತ್ತು ಉಸಿರಿನ ಮೂಲಕ 700ರಿಂದ 800 ಮಿಲಿಲೀಟರ್ ಆವಿಯಾಗುತ್ತದೆ. ಈ ವ್ಯಯಕ್ಕೆ ಪ್ರತಿಯಾಗಿ ಕುಡಿಯುವ ನೀರು ಮಾತ್ರವಲ್ಲದೆ ಅನ್ನ, ಸಾರು, ಹಣ್ಣು, ಮಜ್ಜಿಗೆಗಳಲ್ಲಿರುವ ನೀರೂ ದೇಹಕ್ಕೆ ಸೇರುತ್ತದೆ. ಯೂರೋಪಿನ ಆಹಾರ ಸುರಕ್ಷಾ ಪ್ರಾಧಿಕಾರವು 2010ರಲ್ಲಿ ಸಾಮಾನ್ಯ ಹವೆಯಲ್ಲಿ ಸ್ತ್ರೀಯರಿಗೆ ದಿನಕ್ಕೆ 2 ಲೀಟರ್, ಪುರುಷರಿಗೆ 2.5 ಲೀಟರ್ ನೀರು ಸಾಕೆಂದು ಹೇಳಿತು. ಇದರಲ್ಲಿ ಆಹಾರದೊಳಗಿನ ನೀರೂ ಸೇರಿದೆ. ಉಪವಾಸದ ದಿನ ಆಹಾರದಿಂದ ಬರತಕ್ಕ ಅರ್ಧ ಲೀಟರಿನಷ್ಟು ನೀರು ಬರುವುದಿಲ್ಲ. ಜಲಸಹಿತ ಉಪವಾಸ ಮಾಡುವವರು ಈ ಕೊರತೆಯನ್ನು ಮರೆಯಬಾರದು.

೩. ಮೊದಲ ದಿನಗಳಲ್ಲಿ ಇಳಿಯುವ ತೂಕ ಯಾವುದರದು?

ಒಂದು ದಿನದ ಉಪವಾಸದ ಮರುದಿನ ತೂಕದ ಯಂತ್ರವು ಒಂದು ಕಿಲೋಗ್ರಾಮಿನಷ್ಟು ಇಳಿಕೆಯನ್ನು ತೋರಿಸುವುದು ಅಪರೂಪವಲ್ಲ. ಇದೆಲ್ಲವೂ ಕರಗಿದ ಕೊಬ್ಬೆಂದು ತಿಳಿಯುವುದು ತಪ್ಪು. ಒಂದು ಸರಳ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ದೇಹದ ಒಂದು ಕಿಲೋಗ್ರಾಂ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶಕ್ತಿ ಅಡಗಿರುತ್ತದೆ. ಹೆಚ್ಚು ಶ್ರಮವಿಲ್ಲದೆ ಸ್ವಾಧ್ಯಾಯ, ಸಾಮಾಯಿಕಗಳಲ್ಲಿ ದಿನ ಕಳೆಯುವ ವ್ಯಕ್ತಿಯೊಬ್ಬನು 1,800 ಕಿಲೋಕ್ಯಾಲೊರಿ ವ್ಯಯಿಸಿದನೆಂದು ಭಾವಿಸೋಣ. ಈ ಶಕ್ತಿಯೆಲ್ಲವೂ ಕೊಬ್ಬಿನಿಂದಲೇ ಬಂದಿತೆಂದು ಎಣಿಸಿದರೂ ಕರಗುವುದು ಸುಮಾರು 230 ಗ್ರಾಂ ಮಾತ್ರ. ಹಾಗಾದರೆ ಮಿಕ್ಕ ತೂಕ ಎಲ್ಲಿ ಹೋಯಿತು?

ಮೊದಲನೆಯದಾಗಿ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಗ್ಲೈಕೊಜೆನ್ ಎಂಬ ಪಿಷ್ಟರೂಪದ ಇಂಧನ ಸಂಗ್ರಹವಾಗಿರುತ್ತದೆ. ಪ್ರತಿ ಗ್ರಾಂ ಗ್ಲೈಕೊಜೆನ್ ತನ್ನೊಡನೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಆಹಾರ ನಿಂತೊಡನೆ ದೇಹವು ಮುಖ್ಯವಾಗಿ ಯಕೃತ್ತಿನ ಸಂಗ್ರಹವನ್ನು ಬಳಸತೊಡಗುತ್ತದೆ. ಇಂಧನ ಉರಿದಂತೆ ಅದರೊಡನಿದ್ದ ನೀರು ಬಿಡುಗಡೆಯಾಗಿ ಹೊರಹೋಗುತ್ತದೆ. ಎರಡನೆಯದಾಗಿ, ಉಪವಾಸದಲ್ಲಿ ಇನ್ಸುಲಿನ್ ಇಳಿಯುವುದರಿಂದ ಮೂತ್ರಪಿಂಡಗಳು ಸೋಡಿಯಂ ಲವಣವನ್ನು ಹೆಚ್ಚಾಗಿ ವಿಸರ್ಜಿಸುತ್ತವೆ. ಲವಣದ ಬೆನ್ನಿಗೇ ನೀರೂ ಹೋಗುತ್ತದೆ. ಮೂರನೆಯದಾಗಿ, ಕರುಳಿಗೆ ಹೊಸ ಆಹಾರ ಬಾರದೆ ಅದರೊಳಗಿನ ಭಾರವೂ ಕಡಿಮೆಯಾಗುತ್ತದೆ.

ಆದುದರಿಂದ ಆರಂಭದ ದಿನಗಳ ಇಳಿಕೆಯಲ್ಲಿ ನೀರಿನ ಪಾಲೇ ಅಧಿಕ. ಪಾರಣೆಯಾಗಿ ಎರಡು ಮೂರು ದಿನಗಳಲ್ಲಿ ಅನ್ನ, ಉಪ್ಪುಗಳು ದೇಹವನ್ನು ಸೇರುತ್ತಲೇ ಆ ನೀರು ಮರಳಿ ಬರುತ್ತದೆ, ತೂಕವೂ ಮರಳುತ್ತದೆ. ಇದನ್ನು ಕಂಡು ಉಪವಾಸವು ವ್ಯರ್ಥವಾಯಿತೆಂದು ಕೊರಗುವವರು ಮೊದಲ ಇಳಿಕೆಯನ್ನು ಕಂಡು ಹಿಗ್ಗಿದವರೇ ಆಗಿರುತ್ತಾರೆ. ಎರಡಕ್ಕೂ ಆಧಾರ ಒಂದೇ ತಪ್ಪು ಲೆಕ್ಕ.

೪. ನೀರು ಕೊಬ್ಬನ್ನು ಕರಗಿಸುವುದೇ?

ನೀರಿನಲ್ಲಿ ಶಕ್ತಿಯಂಶವಿಲ್ಲ, ಕೊಬ್ಬನ್ನು ಕರಗಿಸುವ ಗುಣವೂ ಅದಕ್ಕಿಲ್ಲ. ತಣ್ಣೀರನ್ನು ದೇಹದ ಉಷ್ಣತೆಗೆ ತರಲು ಸ್ವಲ್ಪ ಶಕ್ತಿ ವ್ಯಯವಾಗುತ್ತದೆ ಎಂಬುದು ನಿಜ. 22 ಡಿಗ್ರಿಯ ಎರಡು ಲೀಟರ್ ನೀರು 37 ಡಿಗ್ರಿಗೆ ಏರಲು ಬೇಕಾಗುವುದು 30 ಕಿಲೋಕ್ಯಾಲೊರಿ. ಇದು ಸುಮಾರು 4 ಗ್ರಾಂ ಕೊಬ್ಬಿಗೆ ಸಮ. ಕಾಯಿಸಿದ ನೀರನ್ನು ಬಿಸಿಯಾಗಿಯೇ ಕುಡಿದರೆ ಅಷ್ಟೂ ಇಲ್ಲ. ಅರ್ಧ ಲೀಟರ್ ನೀರು ಕುಡಿದರೆ ದೇಹದ ಶಕ್ತಿವ್ಯಯವು ನೂರಕ್ಕೆ 30ರಷ್ಟು ಏರುತ್ತದೆಂದು 2003ರಲ್ಲಿ ಬರ್ಲಿನ್ನಿನ ಸಂಶೋಧಕರು ಪ್ರಕಟಿಸಿದ್ದುಂಟು. ಆದರೆ 2006ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಮರಳಿ ಅಳೆದಾಗ ಅಂತಹ ಏರಿಕೆ ಕಂಡುಬರಲಿಲ್ಲ.

ಹಾಗೆಂದು ನೀರಿನಿಂದ ಯಾವ ಸಹಾಯವೂ ಇಲ್ಲವೆಂದಲ್ಲ. ಅಮೆರಿಕದ ವರ್ಜೀನಿಯಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 55 ವರ್ಷ ಮೀರಿದ ಸ್ಥೂಲಕಾಯರು ಮಿತಾಹಾರದೊಡನೆ ಪ್ರತಿ ಮುಖ್ಯ ಊಟಕ್ಕೆ ಮುನ್ನ ಅರ್ಧ ಲೀಟರ್ ನೀರು ಕುಡಿದರು. 12 ವಾರಗಳಲ್ಲಿ ಅವರು ಬರಿಯ ಮಿತಾಹಾರದವರಿಗಿಂತ ಸುಮಾರು 2 ಕಿಲೋಗ್ರಾಂ ಹೆಚ್ಚು ಇಳಿದರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ 2015ರಲ್ಲಿ ಪ್ರಕಟವಾದ ಇಂತಹದೇ ಪರೀಕ್ಷೆಯಲ್ಲಿ ವ್ಯತ್ಯಾಸವು ಸುಮಾರು 1.3 ಕಿಲೋಗ್ರಾಂ. ಇಲ್ಲಿ ನೀರು ಕೊಬ್ಬನ್ನು ಕರಗಿಸಿತೆಂದು ತಿಳಿಯಬೇಕಾಗಿಲ್ಲ. ಹೊಟ್ಟೆಯಲ್ಲಿ ಸ್ಥಳ ಹಿಡಿದು ಉಣ್ಣುವ ತುತ್ತುಗಳನ್ನು ತಗ್ಗಿಸಿತೆಂಬುದೇ ಹೆಚ್ಚು ಸಂಭವನೀಯ ವಿವರಣೆ. ಸಿಹಿ ಪಾನೀಯದ ಸ್ಥಳದಲ್ಲಿ ನೀರನ್ನು ಕುಡಿಯುವವರಿಗೂ ಲಾಭವುಂಟು. ಆ ಲಾಭವು ಬಿಟ್ಟ ಸಕ್ಕರೆಯಿಂದ ಬಂದುದು.

ಈ ತತ್ತ್ವವು ನಮ್ಮ ಆಚಾರ್ಯರಿಗೆ ಅಪರಿಚಿತವಾಗಿರಲಿಲ್ಲ. ಉದರದ ಅರ್ಧವನ್ನು ಅನ್ನದಿಂದಲೂ, ಮೂರನೆಯ ಪಾಲನ್ನು ನೀರಿನಿಂದಲೂ ತುಂಬಿ, ನಾಲ್ಕನೆಯ ಪಾಲನ್ನು ವಾಯುಸಂಚಾರಕ್ಕೆ ಬಿಡಬೇಕೆಂದು ಮೂಲಾಚಾರವು ವಿಧಿಸುತ್ತದೆ. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯದು 28 ತುತ್ತು. ಅದಕ್ಕಿಂತ ಒಂದೊಂದೇ ತುತ್ತು ಕಡಿಮೆ ಮಾಡುತ್ತ ಬರುವುದು ಅವಮೌದರ್ಯವೆಂಬ ಬಾಹ್ಯ ತಪ. ಏಕಭುಕ್ತ ವ್ರತದವರು ಒಂದೇ ಊಟದಲ್ಲಿ ಎರಡು ಊಟಗಳನ್ನು ತುಂಬಿಕೊಳ್ಳುವುದಾದರೆ ವ್ರತವೂ ಇಲ್ಲ, ಆರೋಗ್ಯವೂ ಇಲ್ಲ. ಊಟಕ್ಕೆ ಅರ್ಧ ಗಂಟೆ ಮುನ್ನ ನೀರು ಕುಡಿಯುವುದು ಅವರಿಗೆ ಅನುಕೂಲವಾದೀತು. ಆದರೂ ನೀರು ತುಂಬಿದುದರಿಂದ ತುತ್ತು ಇಳಿಯದಿರುವುದು ಬೇರೆ. ಹಸಿವಿದ್ದೂ ಕೈ ಹಿಂದೆಗೆಯುವುದು ಬೇರೆ. ಎರಡನೆಯದೇ ಅವಮೌದರ್ಯ.

೫. ನಿರ್ಜಲತೆಯ ಮಿತಿ

ಕೊಬ್ಬು ಉರಿದಾಗ ದೇಹದೊಳಗೇ ನೀರು ಹುಟ್ಟುವುದರಿಂದ ನಿರ್ಜಲ ಉಪವಾಸದಲ್ಲಿ ಕೊಬ್ಬು ಇಮ್ಮಡಿಯಾಗಿ ಕರಗುತ್ತದೆ ಎಂಬ ವಾದವೊಂದಿದೆ. ಒಂದು ಗ್ರಾಂ ಕೊಬ್ಬಿನಿಂದ ಒಂದು ಗ್ರಾಮಿಗಿಂತ ತುಸು ಹೆಚ್ಚು ನೀರು ಹುಟ್ಟುವುದು ನಿಜ. ಆದರೆ ಕೊಬ್ಬು ಉರಿಯುವುದು ದೇಹದ ಶಕ್ತಿಯ ಅಗತ್ಯಕ್ಕೆ ತಕ್ಕಂತೆ. ಬಾಯಾರಿಕೆಗೆ ತಕ್ಕಂತೆ ಅಲ್ಲ. ದಿನಕ್ಕೆ 200 ಗ್ರಾಂ ಕೊಬ್ಬು ಉರಿದರೂ ಹುಟ್ಟುವ ನೀರು ಒಂದು ಲೋಟದಷ್ಟೇ. ಉಸಿರು ಮತ್ತು ಚರ್ಮಗಳ ಮೂಲಕ ಹೋಗುವುದು ಅದರ ಮೂರು ನಾಲ್ಕು ಪಾಲು. ಮಲಿನಾಂಶಗಳನ್ನು ಹೊರಹಾಕಲು ಮೂತ್ರಪಿಂಡಗಳಿಗೆ ದಿನಕ್ಕೆ ಕನಿಷ್ಠ ಅರ್ಧ ಲೀಟರಿನಷ್ಟು ಮೂತ್ರ ಬೇಕು. ನೀರನ್ನು ಬಿಟ್ಟಾಗ ಯಂತ್ರದಲ್ಲಿ ಕಾಣುವ ಅಧಿಕ ಇಳಿಕೆಯು ರಕ್ತ ಮತ್ತು ಅಂಗಾಂಶಗಳ ನೀರಿನ ಇಳಿಕೆಯೇ ಹೊರತು ಮತ್ತೇನಲ್ಲ.

ಆರೋಗ್ಯವಂತನಾದ ವಯಸ್ಕನು ಒಂದು ದಿನದ ನಿರ್ಜಲ ಉಪವಾಸವನ್ನು ನೆರಳಿನಲ್ಲಿ, ಶ್ರಮವಿಲ್ಲದೆ, ಧರ್ಮಧ್ಯಾನದಲ್ಲಿ ಸಾಮಾನ್ಯವಾಗಿ ನಿರ್ವಹಿಸಬಲ್ಲನು. ಬಿಸಿಲಿನ ದುಡಿಮೆ, ಬೇಸಗೆಯ ಪ್ರಯಾಣಗಳು ಕೂಡಿದಾಗ ಅದೇ ಉಪವಾಸವು ಅಪಾಯಕರವಾಗಬಹುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು, ಮೂತ್ರಪಿಂಡದ ರೋಗ ಅಥವಾ ಕಲ್ಲಿನ ಬಾಧೆಯುಳ್ಳವರು ನೀರನ್ನು ತ್ಯಜಿಸಬಾರದು. ಇನ್ಸುಲಿನ್ ಅಥವಾ ಸಕ್ಕರೆಯನ್ನಿಳಿಸುವ ಗುಳಿಗೆ ತೆಗೆದುಕೊಳ್ಳುವ ಮಧುಮೇಹಿಗಳು, ರಕ್ತದೊತ್ತಡಕ್ಕಾಗಿ ಮೂತ್ರವರ್ಧಕ ಸೇವಿಸುವವರು ವೈದ್ಯರನ್ನು ಕೇಳದೆ ಯಾವ ಉಪವಾಸವನ್ನೂ ಸಂಕಲ್ಪಿಸಬಾರದು. ಉಪವಾಸದಲ್ಲಿ ಯೂರಿಕ್ ಆಮ್ಲವು ರಕ್ತದಲ್ಲಿ ಏರುವುದರಿಂದ ಗೌಟ್ ಎಂಬ ಕೀಲುನೋವಿನವರಿಗೂ ಎಚ್ಚರ ಬೇಕು. ಎದ್ದು ನಿಂತಾಗ ಕಣ್ಣು ಕತ್ತಲಾಗುವುದು, ಮೂತ್ರವು ಕಡುಹಳದಿಯಾಗಿ ತೀರ ಕಡಿಮೆಯಾಗುವುದು, ಎದೆ ಬಡಿತ ಹೆಚ್ಚುವುದು, ಮಾತು ತಡವರಿಸುವುದು ಇವು ತಡಮಾಡದೆ ಚಿಕಿತ್ಸೆ ಪಡೆಯಬೇಕಾದ ಸೂಚನೆಗಳು.

೬. ಅತಿಯಾದ ನೀರೂ ಹಿತವಲ್ಲ

ತಿವಿಹಾರದಲ್ಲಿ ಸೂರ್ಯಾಸ್ತ ಸಮೀಪಿಸಿತೆಂದು ಒಮ್ಮೆಗೇ ತಂಬಿಗೆ ತಂಬಿಗೆ ನೀರು ಕುಡಿಯುವವರಿದ್ದಾರೆ. ಇದೂ ತಪ್ಪು. ಮೂತ್ರಪಿಂಡಗಳು ಗಂಟೆಗೆ ಒಂದು ಲೀಟರಿನಷ್ಟು ನೀರನ್ನು ಮಾತ್ರ ಹೊರಹಾಕಬಲ್ಲವು; ಉಪವಾಸದಲ್ಲಿ ಲವಣಾಂಶ ಕಡಿಮೆಯಾಗಿರುವುದರಿಂದ ಆ ಶಕ್ತಿ ಇನ್ನೂ ಕುಗ್ಗುತ್ತದೆ. ಮಿತಿಮೀರಿದ ನೀರು ರಕ್ತದ ಸೋಡಿಯಮನ್ನು ತೆಳುವಾಗಿಸಿ ತಲೆನೋವು, ವಾಂತಿ, ಮಂಕು, ಕೊನೆಗೆ ಮೂರ್ಛೆಯನ್ನೂ ತರಬಹುದು. ಜಲಸಹಿತ ಉಪವಾಸದ ಆರೋಗ್ಯವಂತರು ಒಂದೂವರೆಯಿಂದ ಎರಡು ಲೀಟರ್ ನೀರನ್ನು, ಬಾಯಾರಿಕೆಯನ್ನೂ ಹವೆಯನ್ನೂ ಗಮನಿಸಿ, ಬೆಳಗಿನಿಂದ ಸಂಜೆಯವರೆಗೆ ಹಂಚಿಕೊಂಡು ಕುಡಿಯುವುದು ಯುಕ್ತ. ಪಾರಣೆಯಲ್ಲಿಯೂ ಗಂಜಿ, ಹೆಸರುಬೇಳೆಯ ಕಟ್ಟು ಇವುಗಳಿಂದ ಸ್ವಲ್ಪಸ್ವಲ್ಪವಾಗಿ ತೊಡಗಬೇಕು. ಅನೇಕ ದಿನಗಳ ಉಪವಾಸದ ನಂತರ ಒಮ್ಮೆಗೇ ಹೊಟ್ಟೆ ತುಂಬ ಉಂಡರೆ ರಕ್ತದ ಪೊಟ್ಯಾಸಿಯಂ, ರಂಜಕಗಳು ಕುಸಿದು ಹೃದಯಕ್ಕೆ ತೊಂದರೆಯಾಗುವ ಸಂಭವವುಂಟು.

೭. ನಿದಾನವೆಂಬ ಶಲ್ಯ

ಕೊನೆಯದಾಗಿ ಮುಖ್ಯವಾದ ಮಾತು. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಿಲ್ಲದವನೇ ವ್ರತಿಯೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಶಲ್ಯವೆಂದರೆ ಒಳಗೆ ಮುರಿದು ಉಳಿದ ಮುಳ್ಳು. ವ್ರತದಿಂದ ಭೋಗಫಲವನ್ನು ಬಯಸುವುದು ನಿದಾನ. ಸುಂದರವಾದ ಶರೀರ ದೊರೆಯಲೆಂದು ಅಷ್ಟಮಿಯ ಉಪವಾಸ ಮಾಡಿದರೆ, ಅನ್ನವನ್ನು ಬಿಟ್ಟಂತಾಯಿತೇ ಹೊರತು ಶರೀರದ ಮೋಹವನ್ನು ಬಿಟ್ಟಂತಾಗಲಿಲ್ಲ. ಅಂತಹವನು ಯಂತ್ರದ ಮುಳ್ಳು ಇಳಿಯಲೆಂದು ಕೊನೆಗೆ ನೀರನ್ನೂ ಬಿಡುತ್ತಾನೆ. ತಪಸ್ಸಿನ ಹೆಸರಿನಲ್ಲಿ ದೇಹಕ್ಕೂ ಧರ್ಮಕ್ಕೂ ಹಾನಿ ತರುತ್ತಾನೆ.

ಸ್ಥೂಲಕಾಯವು ರೋಗಕ್ಕೆ ಕಾರಣವಾದಾಗ ತೂಕವನ್ನು ಇಳಿಸುವುದು ತಪ್ಪಲ್ಲ. ರೋಗಗ್ರಸ್ತ ದೇಹದಿಂದ ಸಾಮಾಯಿಕವೂ ಕಷ್ಟ. ಆದರೆ ಅದನ್ನು ಮಿತಾಹಾರ, ರಾತ್ರಿಭೋಜನ ತ್ಯಾಗ, ನಡಿಗೆ, ಸಿಹಿ-ಎಣ್ಣೆಗಳ ಸಂಯಮಗಳಿಂದ ತಿಂಗಳುಗಟ್ಟಲೆ ಸಾಧಿಸಬೇಕು. ಪರ್ವತಿಥಿಯ ಒಂದು ದಿನದ ಮೇಲೆ ಆ ಭಾರವನ್ನು ಹೊರಿಸಬಾರದು. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೆ ‘ಶಕ್ತಿಗನುಸಾರ’ ಎಂಬ ವಿಶೇಷಣವಿದೆ. ಶಕ್ತಿಯನ್ನು ಮರೆಮಾಚಿ ಕಡಿಮೆ ಮಾಡುವುದೂ ಸಲ್ಲದು, ಶಕ್ತಿಯನ್ನು ಮೀರಿ ಆರ್ತಧ್ಯಾನಕ್ಕೆ ಬೀಳುವುದೂ ಸಲ್ಲದು. ನಿರ್ಜಲವಾಗಿ ಮಾಡಬಲ್ಲವನು ಹಾಗೆ ಮಾಡಲಿ. ಅಶಕ್ತನು ಪ್ರಾಸುಕ ಜಲದೊಡನೆ ಮಾಡಲಿ. ಅದಕ್ಕೂ ಅಶಕ್ತನು ಏಕಭುಕ್ತದಿಂದ ತೃಪ್ತನಾಗಲಿ. ಇವರಲ್ಲಿ ಯಾರ ಕಷಾಯ ಹೆಚ್ಚು ಕ್ಷೀಣವಾಯಿತೋ ಅವರ ಉಪವಾಸವೇ ಹೆಚ್ಚು ಫಲಿಸಿತು. ಅದನ್ನು ಅಳೆಯುವ ಯಂತ್ರವಿಲ್ಲ. ಅದು ಅವರವರ ಅಂತರಂಗಕ್ಕೇ ವೇದ್ಯ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ಪ್ರೋಷಧದಲ್ಲಿ ಮಧ್ಯಮ ಭೇದವೆಂದರೇನು? ಅದನ್ನು ಏಕೆ ಹೇಳಲಾಗಿದೆ?
2. ಉಪವಾಸದ ಮೊದಲ ದಿನ ಇಳಿಯುವ ತೂಕದಲ್ಲಿ ನೀರಿನ ಪಾಲು ಅಧಿಕವಾಗಿರಲು ಮೂರು ಕಾರಣಗಳನ್ನು ಹೇಳಿರಿ.
3. ನಿರ್ಜಲ ಉಪವಾಸದಲ್ಲಿ ಕೊಬ್ಬು ಇಮ್ಮಡಿ ಕರಗುವುದಿಲ್ಲವೇಕೆ?
4. ಊಟಕ್ಕೆ ಮುನ್ನ ನೀರು ಕುಡಿಯುವುದಕ್ಕೂ ಅವಮೌದರ್ಯಕ್ಕೂ ಇರುವ ಭೇದವನ್ನು ವಿವರಿಸಿರಿ.
5. ತೂಕ ಇಳಿಸುವ ಬಯಕೆಯಿಂದ ಮಾಡಿದ ಉಪವಾಸದಲ್ಲಿ ಯಾವ ಶಲ್ಯವಿದೆ?